ಸಸ್ಯಾಹಾರಿ ಮ್ಯಾನೇಜರನ ಮೀನು ಬೋಟು

ಚಂದ್ರಗಿರಿ ಹೊಳೆಗೆ ಗಾಳ ಹಾಕಲು ಬರುವ ಪ್ರವಾಸಿಗರಿಗೆ ಬೋಟಿನ ಏರ್ಪಾಟು ಮಾಡಿಕೊಡುವುದು ನನ್ನ ಉದ್ಯೋಗವಾಗಿತ್ತು. ಯಾವ ದಿನ ಹೊರಡುವುದು, ಹೊಳೆಯ ಯಾವ ಮೂಲೆಯಲ್ಲಿ ನಿಲ್ಲುವುದು, ಊಟಕ್ಕೆ ಏನು, ಮಳೆ ಬಂದರೆ ಏನು, ಮೀನು ಸಿಗದಿದ್ದರೆ ಗಿರಾಕಿಗೆ ಏನು ಹೇಳುವುದು, ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕಿತ್ತು. ಈಗ ಕೆಲಸದಿಂದ ಬಿಡುಗಡೆಯಾಗಿ ಪೆರ್ಲದ ಮನೆಯಲ್ಲಿದ್ದೇನೆ. ಈ ಕಸುಬಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನು ಮಾಡುತ್ತಾರೆ. ಪ್ರವಾಸೋದ್ಯಮದಲ್ಲಿ ಕೋರ್ಸು ಮುಗಿಸಿದವರು. ನನಗಿಂತ ಹತ್ತು ಪಾಲು ಹೆಚ್ಚು ತಿಳಿದವರು. ಅವರು ಮೊದಲು ಕೇಳುವುದು ಒಂದೇ: "ಸರ್, ಕಾಳಾಂಜಿಯ ರುಚಿ ಹೇಗಿರ್ತದೆ?"

ನನಗೆ ಗೊತ್ತಿಲ್ಲ. ನಾನು ಮೀನು ತಿಂದವನಲ್ಲ.

ಕಾಳಾಂಜಿ ಎಂದರೆ ಉಬ್ಬರದ ನೀರಿನ ಜೊತೆ ಸಮುದ್ರದಿಂದ ಹೊಳೆಗೆ ಏರಿಬರುವ ದೊಡ್ಡ ಬಾಯಿಯ ಬೆಳ್ಳಿ ಮೀನು. ಇಂಗ್ಲಿಷಿನವರು ಸೀ ಬಾಸ್ ಎನ್ನುತ್ತಾರೆ. ಗಾಳಕ್ಕೆ ಸಿಕ್ಕಿದರೆ ಅದು ನೀರಿನಿಂದ ಮೇಲೆ ಹಾರಿ ತಲೆ ಕೊಡಹುತ್ತದೆ. ಆ ಒಂದು ಕ್ಷಣಕ್ಕಾಗಿ ಜನ ಎಲ್ಲೆಲ್ಲಿಂದಲೋ ಬರುತ್ತಾರೆ, ಬಿಸಿಲಲ್ಲಿ ಸುಟ್ಟುಕೊಳ್ಳುತ್ತಾರೆ, ಬರಿಗೈಯಲ್ಲಿ ಹಿಂದಿರುಗುತ್ತಾರೆ, ಮತ್ತೆ ಬರುತ್ತಾರೆ. ಪೌರೋಹಿತ್ಯದ ಮನೆಯಲ್ಲಿ ಹುಟ್ಟಿದ ನಾನು ಇಂಥವರ ನಡುವೆ ಹೇಗೆ ಬಂದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಹೊಳೆಯ ದಂಡೆಯಲ್ಲಿ ಲಿಲ್ಲಿ ಬಾಯಿ ಎಂಬವರ ಹೋಂಸ್ಟೇ ಇತ್ತು. ಕೊಂಕಣಿ ಮಾತಾಡುವ ಕ್ರಿಸ್ತುವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಕಟ್ಟಿ ನಿಲ್ಲಿಸಿದ ವ್ಯಾಪಾರ. ಅವರ ದನಿ ಆಚೆ ದಡಕ್ಕೂ ಕೇಳುತ್ತಿತ್ತು. ಅಲ್ಲಿ ನಾನು ಲೆಕ್ಕ ಬರೆಯುವ ಗುಮಾಸ್ತನಾಗಿ ಸೇರಿದ್ದೆ. ಗಾಳದ ಬೋಟು ನೋಡಿಕೊಳ್ಳುತ್ತಿದ್ದವನು ಹೇಳದೆ ಕೇಳದೆ ಗಲ್ಫಿಗೆ ಹಾರಿದ. ಮರುದಿನ ಬೆಳಿಗ್ಗೆ ಬಾಯಿ ನನ್ನನ್ನು ಕರೆದರು.

"ಭಟ್ರೇ, ಇನ್ನು ಮೀನಿನ ಬೋಟು ನೀವೇ ನೋಡಿಕೊಳ್ಳಿ."

"ಬಾಯೀ, ನಾನು ಮೀನು ಮುಟ್ಟಿಯೂ ನೋಡಿದವನಲ್ಲ."

"ಅದಕ್ಕೇ ನಿಮಗೆ ಹೇಳಿದ್ದು. ಮೊದಲಿನವನಿಗೆ ಮೀನು ಕಂಡರೆ ಗಿರಾಕಿ ಕಾಣ್ತಾ ಇರಲಿಲ್ಲ. ಒಳ್ಳೊಳ್ಳೆದೆಲ್ಲ ಅವನ ಮನೆಗೇ ಹೋಗ್ತಿತ್ತು. ನೀವಾದರೆ ಆ ಹೆದರಿಕೆ ಇಲ್ಲ."

ಅಂದಿನಿಂದ ಬೋಟಿನ ಪುಸ್ತಕವೂ ನನ್ನ ಮೇಜಿಗೆ ಬಂತು.

ಬೋಟು ನಡೆಸುತ್ತಿದ್ದವರು ಅಬ್ದುಲ್ ರಹಿಮಾನ್. ಊರಿಗೆಲ್ಲ ಅದ್ದುಚ್ಚ. ನನಗಿಂತ ಸ್ವಲ್ಪ ಹಿರಿಯರು. ಒಂದು ಕಾಲದಲ್ಲಿ ಹೊಳೆಯಿಂದ ಹೊಯ್ಗೆ, ಅಂದರೆ ಮರಳು, ತೆಗೆಯುವ ಕೆಲಸ ಮಾಡಿ ಮೊಣಕಾಲು ಕೆಡಿಸಿಕೊಂಡಿದ್ದರು. ಕಡಿಮೆ ಮಾತು. ಹೇಳುವುದನ್ನು ಒಂದೇ ಸಲ ಹೇಳುವವರು. ಕೇಳಿಸಿಕೊಳ್ಳದಿದ್ದರೆ ಅದು ನಿಮ್ಮ ಹಣೆಬರಹ.

ನನ್ನ ಮೊದಲ ಪ್ರವಾಸದಲ್ಲೇ ಇದು ತಿಳಿಯಿತು. ವಿದ್ಯಾನಗರದ ಯಾವುದೋ ಕಚೇರಿಯ ನೌಕರರು ರಜೆಯ ದಿನ ಬಂದಿದ್ದರು. ನಾನು ಕಚೇರಿ ತೆರೆಯುವ ಹೊತ್ತಿಗೇ ಬೋಟನ್ನೂ ಹೊರಡಿಸಿದೆ. ಕೆಲಸ ಎಂದರೆ ಹತ್ತು ಗಂಟೆಗೆ ಶುರುವಾಗುವುದು ಎಂದೇ ನನ್ನ ತಿಳುವಳಿಕೆ. ಸ್ವಲ್ಪ ದೂರ ಹೋಗುವಾಗ ಅದ್ದುಚ್ಚ, "ಭಟ್ರೇ, ನೀರು ಇಳೀತಾ ಉಂಟು" ಎಂದರು.

"ಇಳಿಯಲಿ ಬಿಡಿ ಅದ್ದುಚ್ಚ, ನಮಗೆ ಬೇಕಾದ್ದು ಮೀನಲ್ಲವಾ?" ಎಂದೆ.

ಅವರು ಬೋಟನ್ನು ನಾನು ಹೇಳಿದ ಕಡೆಗೇ ನಡೆಸಿದರು. ಸ್ವಲ್ಪ ಹೊತ್ತಿನಲ್ಲೇ ಬೋಟು ಹೊಳೆಯ ನಟ್ಟನಡುವೆ ಹೊಯ್ಗೆ ದಿಣ್ಣೆಯ ಮೇಲೆ ಕುಳಿತುಬಿಟ್ಟಿತು. ಸುತ್ತಲಿನ ನೀರು ನೋಡುನೋಡುತ್ತಿದ್ದಂತೆ ಖಾಲಿಯಾಯಿತು. ಮತ್ತೆ ನೀರು ಏರುವವರೆಗೆ ಅಲ್ಲಿಯೇ ಇರಬೇಕು. ನೌಕರರು ಸ್ವಲ್ಪ ಹೊತ್ತು ಅಂತ್ಯಾಕ್ಷರಿ ಆಡಿದರು, ಸ್ವಲ್ಪ ಹೊತ್ತು ಮೇಲಧಿಕಾರಿಯನ್ನು ಬೈದರು. ಮೇಲಧಿಕಾರಿಯೂ ಬೋಟಿನಲ್ಲೇ ಇದ್ದಾರೆಂದು ನೆನಪಾದ ಮೇಲೆ ಎಲ್ಲರೂ ಮತ್ತೆ ಅಂತ್ಯಾಕ್ಷರಿಗೇ ಹಿಂದಿರುಗಿದರು. ಮಧ್ಯಾಹ್ನ ಕಳೆದು ಚಿಪ್ಪು ಹೆಕ್ಕುವ ಹೆಂಗಸರು ಕುಕ್ಕೆ ಹಿಡಿದುಕೊಂಡು ಮೊಣಕಾಲು ಮಟ್ಟದ ನೀರಿನಲ್ಲಿ ನಡೆದುಬಂದರು. ಅವರಲ್ಲೊಬ್ಬಳು ಬೋಟಿನ ಪಕ್ಕ ನಿಂತು, "ಎಂತ, ಬಸ್ಸು ಕಾಯುದಾ?" ಎಂದು ಕೇಳಿ ಮುಂದೆ ಹೋದಳು.

ಹಿಂದಿರುಗಿದ ಮೇಲೆ ಲಿಲ್ಲಿ ಬಾಯಿ ಹೇಳಿದ್ದನ್ನು ಇಲ್ಲಿ ಬರೆಯಲಾಗದು. ಅರ್ಧ ಕೊಂಕಣಿಯಲ್ಲಿತ್ತು, ಅರ್ಥವಾಗದ ಅರ್ಧವೇ ಹೆಚ್ಚು ಕೆಟ್ಟದ್ದಿರಬೇಕೆಂದು ಕೊಂಕಣಿ ಬಲ್ಲ ಅಡುಗೆಯ ಕಣ್ಣೇಟ್ಟನ ಮುಖ ನೋಡಿದಾಗ ತಿಳಿಯಿತು.

ಅಂದು ಸಂಜೆ ಬೋಟು ಕಟ್ಟುವ ಕಡವಿನಲ್ಲಿ ಕುಳಿತು, ಎಲ್ಲಿ ತಪ್ಪಿತು ಎಂದು ಅದ್ದುಚ್ಚನನ್ನು ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವತ್ತು ಯಾವ ತಿಥಿ ಭಟ್ರೇ?"

"ಅಷ್ಟಮಿ."

"ಅಷ್ಟಮಿಗೆ ನಡುಹಗಲು ನೀರು ಉಂಟಾ? ಅಮಾಸೆಗೆ, ಹುಣ್ಣಿಮೆಗೆ ಮಧ್ಯಾಹ್ನದ ಹೊತ್ತಿಗೆ ಹೊಳೆ ತುಂಬುದು. ನಿಮ್ಮವರ ಪಂಚಾಂಗದಲ್ಲಿ ಎಲ್ಲ ಉಂಟಲ್ಲ ಮಾರಾಯ್ರೆ, ನೀವು ನೋಡುದಿಲ್ಲವಾ?"

ಅಪ್ಪ ಮದುವೆ ಮುಂಜಿಗೆ ಮುಹೂರ್ತ ಇಡುತ್ತಿದ್ದ ಪಂಚಾಂಗವನ್ನು ನಾನು ಕಾಳಾಂಜಿ ಹಿಡಿಯಲು ಬಿಡಿಸಿದ್ದು ಹಾಗೆ. ಅಂದಿನಿಂದ ತಿಥಿ ನೋಡದೆ ನಾನು ಬೋಟು ಬಿಟ್ಟದ್ದಿಲ್ಲ. ಆದರೆ ಪಂಚಾಂಗ ಕೈಗೆ ಬಂದರೆ ತಿಥಿಯ ಪಕ್ಕದಲ್ಲಿರುವುದೂ ಕಣ್ಣಿಗೆ ಬೀಳುತ್ತದೆ. ಒಮ್ಮೆ ಬೋಟು ಹೊರಡುವ ಹೊತ್ತಿಗೆ ಸರಿಯಾಗಿ ರಾಹುಕಾಲ ಬಂದಿತು. ನಾನು ಚಹಾ ಕೊಡಿಸಿ, ಹೊಳೆಯ ಇತಿಹಾಸ ಹೇಳಿ, ಲೈಫ್ ಜಾಕೆಟ್ ತೊಡಿಸಿ ಬಿಚ್ಚಿಸಿ ಮತ್ತೆ ತೊಡಿಸಿ ಗಿರಾಕಿಗಳನ್ನು ತಡೆದು ನಿಲ್ಲಿಸಿದೆ. ರಾಹುಕಾಲ ಮುಗಿಯುವಾಗ ಉಬ್ಬರವೂ ಮುಗಿದಿತ್ತು. ಅಂದು ಒಂದೇ ಒಂದು ಮೀನೂ ಕಚ್ಚಲಿಲ್ಲ. "ರಾಹುಕಾಲ ನಿಮಗೆ, ಮೀನಿಗೆ ಅಲ್ಲ" ಎಂದು ಲಿಲ್ಲಿ ಬಾಯಿ ಪಂಚಾಂಗದ ಆ ಕಾಲಮ್ಮನ್ನು ಪೆನ್ನಿನಿಂದ ಹೊಡೆದುಹಾಕಿದರು.

ಈಗ ಎಲ್ಲರ ಫೋನಿನಲ್ಲೂ ನೀರಿನ ಏರಿಳಿತ ತೋರಿಸುವ ಆ್ಯಪ್ ಇದೆ. ಒಳ್ಳೆಯದೇ. ಕೊನೆಯ ವರ್ಷಗಳಲ್ಲಿ ನಾನೂ ಅದನ್ನೇ ನೋಡುತ್ತಿದ್ದೆ. ಹೊಸಬರಿಗೆ ಒಂದು ಮಾತು ಮಾತ್ರ: ಆ್ಯಪ್ ಹೇಳುವುದು ಹೊಳೆ ಸಮುದ್ರ ಸೇರುವ ಅಳಿವೆಬಾಗಿಲಿನ ಹೊತ್ತನ್ನು. ನೀರು ಹೊಳೆಯಲ್ಲಿ ಮೇಲಕ್ಕೆ ನಡೆದುಬರಲು ಸಮಯ ಬೇಕು. ಗಿರಾಕಿ ಫೋನು ತೋರಿಸಿ ಜಗಳಕ್ಕೆ ಬಂದರೆ ಜಗಳ ಮಾಡಬೇಡಿ. ಚಹಾ ಕೊಡಿ. ಅಷ್ಟರಲ್ಲಿ ನೀರು ಬಂದಿರುತ್ತದೆ.

ಇನ್ನು ಹಲ್ಲಿನ ಡಾಕ್ಟರ ವಿಷಯಕ್ಕೆ ಬರುತ್ತೇನೆ. ನಾನು ಏರ್ಪಡಿಸಿದ ಪ್ರವಾಸಗಳಲ್ಲಿ ಅದರಷ್ಟು ಹೆದರಿಸಿದ್ದು, ಅದರಷ್ಟು ನಗಿಸಿದ್ದು ಬೇರೆ ಇಲ್ಲ.

ಆ ವರ್ಷ ಮೀನಿನ ಬೋಟಿಗೆ ಜನ ಕಡಿಮೆಯಾಗಿದ್ದರು. ಲಿಲ್ಲಿ ಬಾಯಿಯ ಅಳಿಯ ಬಂದು, ಗಾಳಗೀಳ ಬಿಟ್ಟು ಬೋಟಿಗೆ ಬಣ್ಣದ ಲೈಟು, ದೊಡ್ಡ ಸ್ಪೀಕರು ಹಾಕಿ ಕುಣಿತದ ಬೋಟು ಮಾಡಿ ಎಂದು ಹೇಳಿಹೋಗಿದ್ದ. ಬಾಯಿಗೆ ಅರ್ಧ ಮನಸ್ಸಾಗಿತ್ತು. ಅದ್ದುಚ್ಚ ನನ್ನಲ್ಲಿ ಮಾತ್ರ ಹೇಳಿದರು, "ಡ್ಯಾನ್ಸಿನ ಬೋಟಿಗೆ ನಾನಿಲ್ಲ ಭಟ್ರೇ. ತಿರುಗಿ ಹೊಯ್ಗೆ ಕೆಲಸಕ್ಕೆ ಹೋಗ್ತೇನೆ." ಆ ಮೊಣಕಾಲು ಇಟ್ಟುಕೊಂಡು ಯಾವ ಹೊಯ್ಗೆ ಕೆಲಸ! ನನಗೂ ಕುಣಿತದ ಬೋಟಿನಲ್ಲಿ ಏನು ಕೆಲಸವಿರಬಹುದೆಂದು ಯೋಚಿಸಿ ಹಳೆಯ ಲೆಕ್ಕದ ಪುಸ್ತಕಗಳನ್ನು ಹುಡುಕಿ ತೆಗೆದಿಟ್ಟೆ.

ಆಗ ಮಂಗಳೂರಿನಿಂದ ಡಾಕ್ಟರ್ ವಿಮಲಾ ಎಂಬವರ ಫೋನು ಬಂತು. ಹಲ್ಲಿನ ಡಾಕ್ಟರು, ವೃತ್ತಿಯಿಂದ ನಿವೃತ್ತರು. ಗಾಳ ಹಾಕುವವರ ಒಂದು ಕ್ಲಬ್ಬಿಗೆ ಮುಖ್ಯಸ್ಥೆ. ಮೊದಲು ತಾನೊಬ್ಬಳೇ ಬಂದು ನೋಡುತ್ತೇನೆ, ಸರಿ ಕಂಡರೆ ಪ್ರತಿವರ್ಷ ಕ್ಲಬ್ಬಿನವರೆಲ್ಲ ಬರುತ್ತಾರೆ ಎಂದರು. ಆಮೇಲೆ ದನಿ ತಗ್ಗಿಸಿ ಒಂದು ಮಾತು ಸೇರಿಸಿದರು.

"ನನ್ನ ಬಲಗೈ ಭುಜದ ಆಪರೇಶನ್ ಆಗಿದೆ. ಜನರ ಹಲ್ಲು ಎಳೆದು ಎಳೆದು ಹೋದದ್ದು. ಇನ್ನು ಗಾಳ ಹಿಡಿಯಬೇಡಿ ಅಂತ ಹೇಳಿದ್ದಾರೆ. ಕ್ಲಬ್ಬಿನವರಿಗೆ ಗೊತ್ತಿಲ್ಲ. ಆಗ್ತದಾ ಇಲ್ಲವಾ ಅಂತ ನನಗೇ ಗೊತ್ತಾಗಬೇಕು. ಅದಕ್ಕೇ ಒಬ್ಬಳೇ ಬರುದು."

ಅದ್ದುಚ್ಚನ ಜೊತೆ ಕುಳಿತು ಯೋಜನೆ ಹಾಕಿದೆ. ಕಬ್ಬಿಣದ, ರಬ್ಬರಿನ ನಕಲಿ ಮೀನು ಕಟ್ಟಿ ಎಸೆದು ಎಳೆದು ಎಸೆದು ಎಳೆಯುವುದು ಆ ಭುಜಕ್ಕೆ ಆಗದು. ಜೀವಂತ ಸಿಗಡಿ ಕೊಕ್ಕೆಗೆ ಸಿಕ್ಕಿಸಿ ನೀರಿಗೆ ಬಿಟ್ಟು ಕಾಯುವುದೇ ದಾರಿ. ಹುಣ್ಣಿಮೆಯ ಆಸುಪಾಸಿನ ದಿನ ಇಟ್ಟುಕೊಂಡೆವು. ನಡುಹಗಲಿಗೆ ಹೊಳೆ ತುಂಬುತ್ತದೆ, ಊಟ ಮುಗಿಸುವ ಹೊತ್ತಿಗೆ ನೀರು ಹಿಂದಕ್ಕೆ ತಿರುಗುತ್ತದೆ. ತಿರುಗುವ ಆ ಸ್ವಲ್ಪ ಹೊತ್ತಿನಲ್ಲಿ ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಮರೆಯಿಂದ ಕಾಳಾಂಜಿ ಹೊರಗೆ ಬರುತ್ತದೆ. ಎಲ್ಲವೂ ಸರಿ. ಲಿಲ್ಲಿ ಬಾಯಿ ಯೋಜನೆ ಕೇಳಿ, "ಸಿಕ್ಕಿದರೆ ಮೀನು ಇಲ್ಲಿಗೇ ತನ್ನಿ. ಸಂಜೆಗೆ ಅಳಿಯ ಮಗಳು ಬರ್ತಾರೆ. ಮಸಾಲೆ ಅರೆದಿಡ್ತೇನೆ. ಮೀನು ಬಂದರೆ ಬೋಟು ನಿಮ್ಮದು, ಬಾರದಿದ್ದರೆ ಅಳಿಯನದ್ದು" ಎಂದು ತೀರ್ಪು ಕೊಟ್ಟರು.

ಸಿಗಡಿ ತರಿಸುವ ಕೆಲಸ ನನ್ನದು. ಬೆಳಿಗ್ಗೆಯೇ ಒಂದು ಮುಚ್ಚಳದ ಬಕೆಟ್ಟಿನಲ್ಲಿ ಒಳ್ಳೆ ಚುರುಕಾದ ಸಿಗಡಿ ಬಂತು. ಹೊರಗಿಟ್ಟರೆ ಕಾಗೆ ಬಿಡುವುದಿಲ್ಲವೆಂದು ಅಡುಗೆಮನೆಯ ತಂಪಿನಲ್ಲಿ ಇಟ್ಟೆ. ಅಡುಗೆಯ ಕಣ್ಣೇಟ್ಟ ಆಗ ತೆಂಗಿನಕಾಯಿ ತರಲು ಹೋಗಿದ್ದರು.

ಡಾಕ್ಟರು ಬಂದರು. ಕುಳ್ಳಗೆ, ಬೆಳ್ಳಿ ಕೂದಲು, ತಲೆಗೆ ದೊಡ್ಡ ಟೊಪ್ಪಿ. ಮುಖ ನೋಡಿ ಮಾತಾಡುವುದಕ್ಕಿಂತ ಹೆಚ್ಚು ಹಲ್ಲು ನೋಡಿ ಮಾತಾಡುತ್ತಿದ್ದರು. ನನ್ನ ಕೆಳಗಿನ ಒಂದು ದವಡೆ ಹಲ್ಲು ಹೆಚ್ಚು ದಿನ ಉಳಿಯದು ಎಂದು ಬೋಟು ಹತ್ತುವ ಮೊದಲೇ ಹೇಳಿದರು. ಬಿಸಿಲು ಹದವಾಗಿತ್ತು. ನೀರು ಮೆಲ್ಲನೆ ಏರುತ್ತಿತ್ತು. ಕಾಂಡ್ಲಾ ಗಿಡಗಳ ಪಕ್ಕ ಬೋಟು ನಿಲ್ಲಿಸಿ ಊಟಕ್ಕೆ ಕುಳಿತೆವು. ನಾನು ನನ್ನ ಬುತ್ತಿ ಬಿಚ್ಚಿದೆ. ಡಾಕ್ಟರು, ಅದ್ದುಚ್ಚ ಕಣ್ಣೇಟ್ಟ ಕಟ್ಟಿಕೊಟ್ಟ ಊಟದ ಕ್ಯಾರಿಯರು ಬಿಚ್ಚಿದರು.

"ಆಹಾ, ಸಿಗಡಿ ಸುಕ್ಕ! ಎಷ್ಟು ಫ್ರೆಶ್ ಉಂಟು ನೋಡಿ!" ಎಂದು ಡಾಕ್ಟರು ಚಪ್ಪರಿಸಿದರು. ಅದ್ದುಚ್ಚ ಎರಡು ತುತ್ತು ತಿಂದರು. ಮೂರನೆಯದು ಬಾಯಿಯ ಹತ್ತಿರ ನಿಂತಿತು. ಅವರು ನನ್ನನ್ನು ನೋಡಿದರು. ಆಮೇಲೆ ಬಕೆಟ್ಟನ್ನು ನೋಡಿದರು. ಎದ್ದು ಮುಚ್ಚಳ ತೆಗೆದರು. ಒಳಗೆ ಶುದ್ಧವಾದ ನೀರು ಮಾತ್ರ ಇತ್ತು.

ಕಣ್ಣೇಟ್ಟನಿಗೆ ಫೋನು ಮಾಡಿದೆ. ಅವರ ದನಿಯಲ್ಲಿ ಸಂತೋಷವೋ ಸಂತೋಷ. "ನೀವೇ ಇಟ್ಟದ್ದಲ್ಲವಾ ಭಟ್ರೇ? ಇಷ್ಟು ವರ್ಷದಲ್ಲಿ ಮೊದಲ ಸಲ ನೀವು ಸಿಗಡಿ ತಂದಿರಲ್ಲ, ಅದಕ್ಕೇ ಸ್ವಲ್ಪ ವಿಶೇಷ ಮಾಡಿದೆ. ಡಾಕ್ಟ್ರಿಗೆ ಹಿಡಿಸಿತಾ?"

ಹಿಡಿಸಿತು ಎಂದು ಹೇಳಿ ಇಟ್ಟೆ.

ಡಾಕ್ಟರು ಕ್ಯಾರಿಯರಿನ ಮುಚ್ಚಳ ಹಾಕಿದರು. ನನ್ನ ಕೆಲಸ ಅಲ್ಲಿಗೆ ಮುಗಿಯಿತೆಂದೇ ಭಾವಿಸಿದೆ. ಆಮೇಲೆ ಅವರು ನಗಲು ಶುರುಮಾಡಿದರು. ನಗುತ್ತ ನಗುತ್ತ ಭುಜ ಹಿಡಿದುಕೊಂಡು, "ನಗಿಸಬೇಡಿ ಮಾರಾಯ್ರೆ, ನೋಯ್ತದೆ" ಎಂದರು. ನಾನು ನಗಿಸುವ ಸ್ಥಿತಿಯಲ್ಲಿರಲಿಲ್ಲ.

"ನೀರು ತಿರುಗುವ ಮೊದಲು ನಾಲ್ಕು ಸಿಗಡಿ ಸಿಕ್ಕಿದರೆ ಸಾಕು," ಅದ್ದುಚ್ಚ ಎಂದರು. "ಬೇರಿನ ಅಡಿಯಲ್ಲಿ ಉಂಟು. ಬಲೆ ಇಲ್ಲ. ಭಟ್ರೇ, ನಿಮ್ಮ ಬೈರಾಸು ಕೊಡಿ."

ಹೆಗಲ ಮೇಲಿದ್ದ, ಮೈ ಒರೆಸುವ ಬೈರಾಸು ಕೊಟ್ಟೆ. ಅವರು ಲುಂಗಿ ಎತ್ತಿ ಕಟ್ಟಿ ನೀರಿಗಿಳಿದು ಒಂದು ಬದಿ ಹಿಡಿದು ಕಾದರು. ಇನ್ನೊಂದು ಬದಿ ಹಿಡಿಯಲು ಜನ ಬೇಡವೇ? ಭುಜ ಕೆಟ್ಟವರನ್ನು ಇಳಿಸುವಂತಿಲ್ಲ. ಪಂಚೆ ಎತ್ತಿ ಕಟ್ಟಿ ನಾನೇ ಇಳಿದೆ. ಕೆಸರು ಮೊಣಕಾಲಿನವರೆಗೆ ಬಂತು. ಕಾಲಿನ ಕೆಳಗೆ ಏನೋ ಹರಿದಾಡಿತು, ಏನೆಂದು ಕೇಳಲಿಲ್ಲ.

"ಎಡಕ್ಕೆ ಭಟ್ರೇ, ಎಡಕ್ಕೆ! ಅಗಲ ಮಾಡಿ! ಇನ್ನೂ ಅಗಲ!" ಡಾಕ್ಟರು ಬೋಟಿನಿಂದ ಕೂಗುತ್ತಿದ್ದರು. ಆ ದನಿಯಲ್ಲಿ ಎಷ್ಟೋ ರೋಗಿಗಳ ಬಾಯಿ ತೆರೆಸಿದ ಅಭ್ಯಾಸವಿತ್ತು.

ಬೈರಾಸಿನಲ್ಲಿ ಮೊದಲು ಎಲೆ ಬಂತು, ಆಮೇಲೆ ಪ್ಲಾಸ್ಟಿಕ್ ಬಂತು, ಆಮೇಲೆ ಒಂದು ಏಡಿ ಬಂದು ನನ್ನನ್ನೇ ನೋಡಿತು. ಕೊನೆಗೆ ಬೆರಳುದ್ದದ ಕೆಲವು ಸಿಗಡಿಗಳು ಸಿಕ್ಕಿದವು. ಜಿಗಿಯುತ್ತಿದ್ದ ಅವುಗಳನ್ನು ಹಿಡಿದು ಬಕೆಟ್ಟಿಗೆ ಹಾಕಿದೆ. ಮುಟ್ಟಬಾರದೆಂಬುದು ಹಾಕಿದ ಮೇಲೆ ನೆನಪಾಯಿತು.

ನೀರು ತಿರುಗುವ ಹೊತ್ತಿಗೆ ಡಾಕ್ಟರು ಗಾಳ ಬಿಟ್ಟರು. ಮೊದಲ ಸಿಗಡಿಯನ್ನು ಯಾವುದೋ ಸಣ್ಣ ಮೀನು ಕದ್ದು ತಿಂದಿತು. ಎರಡನೆಯದೂ ಹಾಗೆಯೇ. ಉಳಿದದ್ದರಲ್ಲಿ ದೊಡ್ಡದನ್ನು ಸಿಕ್ಕಿಸಿದರು. ಹೊಳೆ ಸಮುದ್ರದ ಕಡೆ ಮೆಲ್ಲನೆ ಹೊರಟಿತ್ತು.

ಕೋಲು ಒಮ್ಮೆಲೇ ಬಾಗಿತು. ರೀಲು ಕಿರ್ರೆಂದು ಅರಚಿತು. ದೂರದಲ್ಲಿ ನೀರು ಒಡೆದು ಬೆಳ್ಳಿಯ ಹಲಗೆಯಂಥದ್ದು ಮೇಲಕ್ಕೆ ಹಾರಿ, ತಲೆ ಕೊಡಹಿ, ಬಿದ್ದಿತು. "ಕಾಳಾಂಜಿ!" ಎಂದು ಅದ್ದುಚ್ಚ ಕೂಗಿದರು. ಇಷ್ಟು ವರ್ಷ ಜನ ಇದಕ್ಕಾಗಿ ಏಕೆ ಬರುತ್ತಿದ್ದರೆಂಬುದು ನನಗೆ ಆಗ ತಿಳಿಯಿತು.

ಡಾಕ್ಟರ ಮುಖ ಬಿಳಿಚಿತ್ತು. ಬಲಗೈ ಸೋತು ಕೋಲನ್ನು ಸೊಂಟಕ್ಕೆ ಒತ್ತಿಕೊಂಡಿದ್ದರು. ಮೀನು ಬೇರುಗಳ ಕಡೆ ಎಳೆಯುತ್ತಿತ್ತು. "ಕೊಡಿ ಡಾಕ್ಟ್ರೇ, ನಾನು ಹಿಡೀತೇನೆ" ಎಂದು ಅದ್ದುಚ್ಚ ಕೈ ಚಾಚಿದರು.

"ಬೇಡ!" ಅವರು ಹಲ್ಲು ಕಚ್ಚಿಕೊಂಡು ಹೇಳಿದರು. "ಇದನ್ನು ನಾನು ಬಿಟ್ಟರೆ ಇನ್ನು ಯಾವತ್ತೂ ಹಿಡಿಯುದಿಲ್ಲ."

ಅದ್ದುಚ್ಚ ಹಿಂದೆ ಸರಿದರು. ಎಂಜಿನ್ ಚಾಲು ಮಾಡಿ, "ಎಳೀಬೇಡಿ. ಅದರ ಹಿಂದೆ ನಾವೇ ಹೋಗುವ. ಭಟ್ರೇ, ಡಾಕ್ಟ್ರ ಎದುರು ಕೂತುಕೊಳ್ಳಿ. ಹೆಗಲು ಕೊಡಿ" ಎಂದರು.

ಹೆಗಲು ಕೊಡುವುದೆಂದರೆ ನಮ್ಮಲ್ಲಿ ಬೇರೆಯೇ ಅರ್ಥ, ಚಟ್ಟ ಹೊರುವುದು. ಆದರೂ ಮೊಣಕಾಲೂರಿ ಕುಳಿತೆ. ಡಾಕ್ಟರು ಗಾಳದ ಕೋಲನ್ನು ನನ್ನ ಹೆಗಲ ಮೇಲೆ ಇಟ್ಟರು. ಅಲ್ಲಿಂದ ಮುಂದೆ ಆ ಮೀನು ಎಳೆದದ್ದೆಲ್ಲ ನನ್ನನ್ನೇ. ಅದು ಬಲಕ್ಕೆ ಹೋದರೆ ನಾನು ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಕಿವಿಯ ಪಕ್ಕದಲ್ಲಿ ದಾರ ಗುಂಯ್‌ಗುಡುತ್ತಿತ್ತು. ಅದ್ದುಚ್ಚ ಬೋಟನ್ನು ಹಸುವಿನ ಹಿಂದೆ ಕರು ಹೋದ ಹಾಗೆ ಮೀನಿನ ಹಿಂದೆಯೇ ನಡೆಸಿ, ಬೇರುಗಳಿಂದ ತಪ್ಪಿಸಿ ನಡುಹೊಳೆಗೆ ತಂದರು. ಡಾಕ್ಟರು ಎಡಗೈಯಲ್ಲಿ ರೀಲು ಸುತ್ತುತ್ತಿದ್ದರು, ನಿಲ್ಲಿಸುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಅವರು ಅಳುತ್ತಿದ್ದರೋ ಬೆವರುತ್ತಿದ್ದರೋ ನಾನು ತಿರುಗಿ ನೋಡಲಿಲ್ಲ. ತಿರುಗುವಂತಿರಲಿಲ್ಲ.

ಕೊನೆಗೆ ಮೀನು ಸೋತು ಬೋಟಿನ ಪಕ್ಕ ಮಲಗಿತು. ನನ್ನ ತೋಳಿನಷ್ಟು ಉದ್ದ. ಕಣ್ಣು ಕೆಂಪಗೆ ಹೊಳೆಯುತ್ತಿತ್ತು.

"ಭಟ್ರೇ, ಕೆಳಗಿನ ತುಟಿ ಹಿಡಿಯಿರಿ," ಎಂದರು ಡಾಕ್ಟರು. ಅವರ ದನಿ ಈಗ ಪೂರ್ತಿ ದವಾಖಾನೆಯದು. ಚೀಲದಿಂದ ಹೊಳೆಯುವ ಇಕ್ಕಳವೊಂದನ್ನು ತೆಗೆದರು. ಹಲ್ಲು ಕೀಳುವ ಇಕ್ಕಳವೇ. ನಾನು ಕಣ್ಣು ಮುಚ್ಚಿಕೊಂಡು ಮೀನಿನ ಬಾಯಿ ಹಿಡಿದೆ. "ದೊಡ್ಡದು ಮಾಡಿ… ಹಾಂ, ಅಷ್ಟೇ… ಹೆದರಬೇಡ, ಆಯಿತು, ಈಗ ಆಯಿತು." ಇದು ನನಗೆ ಹೇಳಿದ್ದೋ ಮೀನಿಗೆ ಹೇಳಿದ್ದೋ ತಿಳಿಯಲಿಲ್ಲ. ಕೊಕ್ಕೆ ಕಳಚಿತು. ಅದ್ದುಚ್ಚ ಡಾಕ್ಟರ ಫೋನಿನಲ್ಲಿ ಫೋಟೋ ತೆಗೆದರು.

"ಇನ್ನು ಬಿಡಿ" ಎಂದರು ಡಾಕ್ಟರು.

"ಬಿಡುದಾ?" ಅದ್ದುಚ್ಚನ ದನಿ ಒಡೆಯಿತು. "ಅಯ್ಯೋ ಡಾಕ್ಟ್ರೇ, ಬಾಯಿ ಮಸಾಲೆ ಅರೆದಿಟ್ಟಿದ್ದಾರೆ!"

"ನಾನು ತಿನ್ನಲಿಕ್ಕೆ ಬಂದದ್ದಲ್ಲ. ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ಬಿಡುದೇ."

ಬೋಟು ಉಳಿಯಬೇಕಾದರೆ ಮೀನು ಬೇಕು ಎಂದು ಹೇಳಲು ಬಾಯಿ ತೆರೆದೆ. ಆದರೆ ಹಿಡಿದವರು ಅವರು. ನಾನು ಮೀನನ್ನು ನೀರಿಗಿಳಿಸಿದೆ. ಅದು ಸತ್ತ ಹಾಗೆ ಓರೆಯಾಯಿತು. "ಕೈ ಬಿಡಬೇಡಿ, ಹರಿವಿಗೆ ಮುಖ ಮಾಡಿ ಹಿಡಿಯಿರಿ" ಎಂದು ಡಾಕ್ಟರು ಕಲಿಸಿದರು. ಎರಡೂ ಕೈಯಲ್ಲಿ ಹಿಡಿದು ಕಾದೆ. ಕಿವಿರು ಒಮ್ಮೆ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಅಂಗೈಯೊಳಗೆ ಅದರ ಮೈ ಮೆಲ್ಲನೆ ಬಿಗಿಯಾಗುತ್ತ ಬಂತು. ಆಮೇಲೆ ಒಂದೇ ಏಟಿಗೆ ನನ್ನ ಮುಖದ ತುಂಬ ನೀರೆರಚಿ ಹೊರಟುಹೋಯಿತು. ನಾನು ಖಾಲಿ ಕೈಗಳನ್ನು ನೋಡುತ್ತ ಕುಳಿತೆ. ಏಕೋ ಬಹಳ ಖುಷಿಯಾಗಿತ್ತು.

ಸಂಜೆ ಕಡವಿನಲ್ಲಿ ಲಿಲ್ಲಿ ಬಾಯಿ ಅಳಿಯ ಮಗಳ ಸಮೇತ ಕಾಯುತ್ತಿದ್ದರು. "ಮೀನೆಲ್ಲಿ?" ಎಂದು ಬೋಟು ಕಟ್ಟುವ ಮೊದಲೇ ಕೇಳಿದರು. ಡಾಕ್ಟರು ಫೋನು ತೋರಿಸಿದರು. ಬಾಯಿ ಫೋಟೋವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇದನ್ನು ಹೇಗೆ ಪದಾರ್ಥ ಮಾಡುದು?"

ಅಳಿಯ ನಕ್ಕ. ಸ್ಪೀಕರಿನ ಬೆಲೆ ವಿಚಾರಿಸಿದ್ದೇನೆ ಎಂದ. ಡಾಕ್ಟರು ಅವನ ಕಡೆ ತಿರುಗಿ, ಅವನ ಹಲ್ಲನ್ನು ಒಮ್ಮೆ ನೋಡಿ, ಲಿಲ್ಲಿ ಬಾಯಿಗೆ ಹೇಳಿದರು, "ಮುಂದಿನ ಹುಣ್ಣಿಮೆಗೆ ನಮ್ಮ ಕ್ಲಬ್ಬಿನವರೆಲ್ಲ ಬರ್ತೇವೆ. ಎಲ್ಲ ರೂಮು ನಮಗೆ ಬೇಕು. ಆದರೆ ಬೋಟಿಗೆ ಈ ಇಬ್ಬರೇ ಇರಬೇಕು. ಸಿಗಡಿ ಸುಕ್ಕವೂ ಇರಬೇಕು."

ಎಲ್ಲ ರೂಮು ಎಂಬ ಮಾತು ಕೇಳಿದ ಮೇಲೆ ಬಾಯಿ ಸ್ಪೀಕರಿನ ವಿಷಯ ಕೇಳಿಸಿಕೊಳ್ಳಲೇ ಇಲ್ಲ. ಅಂದಿನಿಂದ ನಾನು ನಿವೃತ್ತನಾಗುವವರೆಗೂ ಆ ಬೋಟಿನಲ್ಲಿ ಹಾಡು ಕೇಳಿಸಿದ್ದು ಅದ್ದುಚ್ಚ ಗುನುಗಿದಾಗ ಮಾತ್ರ.

ಆದರೆ ಆ ಸಂಜೆ ಒಂದು ಸಮಸ್ಯೆ ಉಳಿದಿತ್ತು. ಅರೆದಿಟ್ಟ ಮಸಾಲೆ ದೊಡ್ಡ ಪಾತ್ರೆಯಲ್ಲಿ ಕಾಯುತ್ತಿತ್ತು. ಬಾಯಿ ಅಡುಗೆಮನೆಗೆ ಹೋಗಿ, "ಕಣ್ಣೇಟ್ಟಾ, ಬಟಾಟೆ ಹಾಕಿ!" ಎಂದು ಕೂಗಿದರು. ಆಮೇಲೆ ಹೊರಗೆ ಬಂದು ನನ್ನನ್ನು ನೋಡಿ, "ಹೊಸ ಪಾತ್ರೆ ಭಟ್ರೇ, ಮೀನು ಇನ್ನೂ ಬಿದ್ದಿಲ್ಲ. ಇವತ್ತು ನಮ್ಮ ಜೊತೆ ಕೂತು ಉಣ್ಣುವಿರಂತೆ" ಎಂದರು.

ಅಷ್ಟು ವರ್ಷ ಅಲ್ಲಿ ದುಡಿದರೂ ನಾನು ಅವರ ಮೇಜಿನಲ್ಲಿ ಉಂಡದ್ದಿರಲಿಲ್ಲ. ಮಿಂದು, ಒದ್ದೆ ಬೈರಾಸು ಹಿಂಡಿ ಹಾಕಿ ಹೋಗಿ ಕುಳಿತೆ. ಒಂದು ಬದಿ ಡಾಕ್ಟರು, ಭುಜಕ್ಕೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು ಎಡಗೈಯಲ್ಲಿ ಉಣ್ಣುತ್ತಿದ್ದರು. ಎದುರಿಗೆ ಅಳಿಯ ಬಟಾಟೆಯನ್ನು ಬೇಸರದಿಂದ ಹಿಸುಕುತ್ತಿದ್ದ. ಮಸಾಲೆ ಕೆಂಪಗೆ, ಹುಳಿಯಾಗಿ, ಖಾರವಾಗಿ ಬಹಳ ರುಚಿಯಾಗಿತ್ತು. ಇನ್ನೊಂದು ಬದಿಯಿಂದ ಅದ್ದುಚ್ಚ ಒಂದು ದೊಡ್ಡ ತುಂಡು ಬಟಾಟೆಯನ್ನು ನನ್ನ ತಟ್ಟೆಗೆ ಹಾಕಿ ಹೇಳಿದರು:

"ಧೈರ್ಯದಲ್ಲಿ ತಿನ್ನಿ ಭಟ್ರೇ. ಈ ಕಾಳಾಂಜಿಗೆ ಮುಳ್ಳಿಲ್ಲ."